ಮುಚ್ಚಳವಿಲ್ಲದ ಡಬ್ಬಿ

"ಏಳನೇ ಕ್ಲಾಸು ದಾಟದವನು ನಮಗೆ ನಿಯಮ ಓದಿ ಹೇಳ್ತಿದ್ದಾನೆ ಮೇಡಂ. ಮೊದಲು ಕಾಗದ ನೆಟ್ಟಗೆ ಹಿಡ್ಕೊಳ್ಳಪ್ಪ, ತಲೆಕೆಳಗಾಗಿದೆ."

ಪೇಂಟಿಂಗ್ ಕಂಪನಿಯ ಟೈ ಸಾಹೇಬ ಹೀಗೆಂದಾಗ ಪರವಾನಗಿ ಕಚೇರಿಯ ವಿಚಾರಣೆ ಕೋಣೆ ನಕ್ಕಿತು. ಗುಮಾಸ್ತ ನಕ್ಕ. ಬೇರೆ ಶಾಖೆಗಳಿಂದ ತಮಾಷೆ ನೋಡಲು ಬಂದಿದ್ದ ಮಾಲೀಕರು ನಕ್ಕರು. ಅಧಿಕಾರಿ ಮೇಡಂ ಪೆನ್ನು ಕಚ್ಚಿಕೊಂಡು ನಗು ತಡೆದರು. ನಗದವರು ಇಬ್ಬರೇ. ಮೇಜಿನ ಎದುರು ಒಂಟಿ ಕುರ್ಚಿಯಲ್ಲಿ ಕೂತಿದ್ದ ನನ್ನ ಅಕ್ಕ, ಕಿಟಕಿ ಪಕ್ಕ ಕೂತಿದ್ದ ಆ ಮಗುವಿನ ತಾಯಿ.

ಕಾಗದ ನೆಟ್ಟಗೇ ಇತ್ತು. ಆದರೂ ನಾನು ಒಂದು ಸಲ ಬಗ್ಗಿ ನೋಡಿದೆ. ಅವನು ಅಂದದ್ದಕ್ಕಿಂತ ನಾನು ಬಗ್ಗಿ ನೋಡಿದ್ದು ಹೆಚ್ಚು ಉರಿಯಿತು.

ಇಷ್ಟು ದಿನದ ಕಥೆ ಒಂದೇ ಸಾಲಿನದು: ಅಕ್ಕನ ಪೇಂಟಿಂಗ್ ಶಾಖೆ ಶಿಶುವಿಹಾರದ ಮಲಗುವ ಕೋಣೆಗೆ ಬಣ್ಣ ಬಳಿದ ಹದಿನೈದನೇ ದಿನಕ್ಕೆ ಅಲ್ಲಿನ ಮೂರು ವರ್ಷದ ಮಗುವೊಂದರ ರಕ್ತದಲ್ಲಿ ಸೀಸ ಸಿಕ್ಕಿತ್ತು, ಅಕ್ಕನ ಫೈಲಿನಲ್ಲಿ ಮಾತ್ರ 'ಗೋಡೆಯ ಹಳೇ ಬಣ್ಣದಲ್ಲಿ ಸೀಸ ಇಲ್ಲ' ಎಂಬ ವರದಿ ಕೂತಿತ್ತು.

ಆ ವರದಿ ನಂಬಿ ಮೂರು ದಿನ ಆ ಗೋಡೆಗಳನ್ನು ಮಶೀನು ಹಿಡಿದು ಒಣ ಉಜ್ಜಿದವನು ನಾನು. ಕೆಲಸದವರು ನನ್ನನ್ನು ಕರೆಯುವುದೇ ಉಪ್ಪುಕಾಗದ ಅಂತ. ಗೋಡೆ ಉಜ್ಜುವ ಕಾಗದ. ಸ್ವಭಾವಕ್ಕೂ ಸರಿಹೋಯಿತು ಅಂತ ಹೆಸರು ಅಂಟಿಕೊಂಡಿತು.

"ನಗೋದು ಮುಗೀತಾ?" ಅಂದೆ. "ಮುಗಿದಿದ್ರೆ ಓದ್ತೀನಿ. ಮೂವತ್ತು ವರ್ಷ ದಾಟಿದ ಕಟ್ಟಡದಲ್ಲಿ, ಮಕ್ಕಳಿರೋ ಜಾಗದಲ್ಲಿ, ಹಳೇ ಬಣ್ಣ ಉಜ್ಜೋ ಮುಂಚೆ ಗೋಡೆನ ಗಾರೆ ಕಾಣೋ ತನಕ ಕೊಯ್ದು, ಎಲ್ಲಾ ಪದರಕ್ಕೂ ಕಡ್ಡಿ ತಾಗಿಸಿ ಪರೀಕ್ಷೆ ಮಾಡಬೇಕು. ಕೊಯ್ದಿದ್ರಾ ಅಂತ ಅವರನ್ನ ಕೇಳಿ ಮೇಡಂ."

ಗೋಡೆಗೆ ಒರಗಿ ನಿಂತಿದ್ದ, ಆ ವರದಿ ಬರೆದ ಪರೀಕ್ಷೆಯವನು ನೆಟ್ಟಗಾದ. ಸೀಸ ತಾಗಿದರೆ ಕೆಂಪಾಗುವ ಕಡ್ಡಿಯ ಪೆಟ್ಟಿಗೆ ಯಾವಾಗಲೂ ಅವನ ಕೈಯಲ್ಲಿರುತ್ತದೆ. ನಾವು ಅವನನ್ನು ಕಡ್ಡಿಯಣ್ಣ ಅನ್ನುತ್ತೇವೆ.

"ಕಡ್ಡಿ ತಾಗಿಸಿದ್ದೆ ಮೇಡಂ. ಮೂರು ಜಾಗದಲ್ಲಿ."

"ಕೊಯ್ದಿದ್ರಾ ಅಂತ ಅವನು ಕೇಳಿದ್ದು," ಅಂದರು ಮೇಡಂ. ಈಗ ಅವರ ಮುಖದಲ್ಲಿ ನಗು ಇರಲಿಲ್ಲ.

ಕಡ್ಡಿಯಣ್ಣ ಪೆಟ್ಟಿಗೆಯ ಚಿಲಕ ತೆಗೆದ, ಹಾಕಿದ.

"ಇದು ಕಂಪನಿಗೆ ಸಂಬಂಧಪಟ್ಟ ವಿಷಯ ಅಲ್ಲ," ಎಂದು ಟೈ ಸಾಹೇಬ ನಡುವೆ ಬಾಯಿ ಹಾಕಿದ. "ನಾವು ಹೆಸರು ಕೊಡ್ತೀವಿ, ತರಬೇತಿ ಕೊಡ್ತೀವಿ. ಶಾಖೆ ಸ್ವತಂತ್ರ. ನಿಯಮ ಪಾಲನೆ ಮಾಲೀಕರದೇ ಹೊಣೆ. ಒಪ್ಪಂದದ ಹದಿನಾಲ್ಕನೇ ಕಲಂ."

"ಐದು ದಿನದಲ್ಲಿ ಕೆಲಸ ಮುಗಿಸದೆ ಇದ್ರೆ ಬೋರ್ಡು ಕಿತ್ಕೊಂಡು ಹೋಗ್ತೀನಿ ಅಂದಿದ್ದು ಎಷ್ಟನೇ ಕಲಂ ಸಾರ್?"

ಯಾರೋ ಹಿಂದೆ ಕೆಮ್ಮಿದರು. ಕಂಪನಿ ಅಂದರೆ ಹೀಗೇ. ಬೋರ್ಡು ಅವರದು, ಏಣಿ ನಮ್ಮದು. ಕೈ ಕೆಸರು ನಮ್ಮದು, ಬಾಯಿ ಮೊಸರು ಅವರದು.

ಮೇಡಂ ಗಡಿಯಾರ ನೋಡಿದರು. ಹನ್ನೊಂದೂವರೆ.

"ನೋಡಿ, ಇವತ್ತು ನಾಲ್ಕು ಗಂಟೆಗೆ ನಾನು ಈ ಫೈಲು ಮುಚ್ಚಬೇಕು. ಮಾಲೀಕರು ಮೋಸ ಹೋಗಿದ್ದಾರೆ ಅಂತಾದ್ರೆ ಆರು ತಿಂಗಳು ಅಮಾನತು. ಸೀಸ ಇರೋದು ಗೊತ್ತಿದ್ದೇ ಉಜ್ಜಿಸಿದ್ದಾರೆ ಅಂತಾದ್ರೆ ಲೈಸೆನ್ಸ್ ರದ್ದು, ಫೈಲು ಪೊಲೀಸರಿಗೆ. ಆಮೇಲೆ ಜೈಲು ತಪ್ಪಿಸೋದು ನನ್ನ ಕೈಲಿಲ್ಲ." ಕಡ್ಡಿಯಣ್ಣನ ಕಡೆ ತಿರುಗಿದರು. "ನೀವು ಈಗಲೇ ಇವನ ಜೊತೆ ಹೋಗಿ. ಕೋಣೆಯ ಸೀಲು ತೆಗೆದು, ನಿಯಮದ ಪ್ರಕಾರ ಕೊಯ್ದು ತನ್ನಿ. ಆ ಕಾಗದ ಇಲ್ಲಿರಲಿ ತಮ್ಮ, ಫೈಲಿಗೆ ಸೇರಿಸ್ತೀನಿ."

ನಿಯಮದ ಕಾಗದವನ್ನು ಮೇಜಿನ ಮೇಲಿಟ್ಟೆ. ಅಚ್ಚಾದ ಪುಸ್ತಕದ ಭಾಷೆ ನನಗೆ ತಲೆಗೆ ಹೋಗುವುದಿಲ್ಲ ಅಂತ ಅಕ್ಕ ಇಡೀ ನಿಯಮಾವಳಿಯನ್ನು ಬಿಡಿಸಿ ಬಿಡಿಸಿ ದುಂಡಗೆ ತನ್ನ ಕೈಯಲ್ಲೇ ಬರೆದುಕೊಟ್ಟಿದ್ದಳು. ಅದರಲ್ಲಿ ಇದೊಂದು ಹಾಳೆ.

ಅಕ್ಕ ನನ್ನ ಕಡೆ ನೋಡಿದಳು. ಬೇಡ ಅನ್ನುವ ಹಾಗೆ ತಲೆ ಆಡಿಸಿದಳು. ಜಗಳ ಬೇಡ ಅನ್ನುತ್ತಿದ್ದಾಳೆ ಅಂದುಕೊಂಡೆ.

ಹೊರಗೆ ಬೆಂಚಿನ ಮೇಲೆ ಅಪ್ಪ ಕೂತಿದ್ದರು. ತೊಡೆಯ ಮೇಲೆ ಪ್ಲಾಸ್ಟಿಕ್ ಕವರು, ಅದರೊಳಗೆ ಅವರ ಸರ್ಟಿಫಿಕೇಟು. ಲೈಸೆನ್ಸು ಅಕ್ಕನ ಹೆಸರಲ್ಲಿದ್ದರೂ ನಿಂತಿರುವುದು ಆ ಕಾಗದದ ಮೇಲೆ. ಸೀಸದ ಬಣ್ಣ ತೆಗೆಯುವ ತರಬೇತಿ ಮುಗಿಸಿದವರೊಬ್ಬರು ಪ್ರತಿ ಶಾಖೆಯಲ್ಲೂ ಇರಲೇಬೇಕು. ಅದರ ಪರೀಕ್ಷೆ ನಾನು ಕಟ್ಟುತ್ತೇನೆ ಅಂತ ಹೋದರೆ, ಹತ್ತನೇ ಕ್ಲಾಸು ಪಾಸಾಗಿರಬೇಕು ಅಂತ ಅರ್ಜಿಯನ್ನೇ ಕೊಡಲಿಲ್ಲ. ಗೋಡೆಗೆ ಗೊತ್ತು ನಾನು ಯಾರು ಅಂತ, ಅರ್ಜಿ ಕೊಡುವ ಕಿಟಕಿಯಲ್ಲಿ ಕೂತವನಿಗೆ ಗೊತ್ತಿಲ್ಲ. ಕೊನೆಗೆ ಹತ್ತನೇ ಕ್ಲಾಸು ಪಾಸಾಗಿದ್ದ ಅಪ್ಪ ಕಟ್ಟಿದರು. ಕೈ ನಡುಗಿ ಎರಡು ವರ್ಷದಿಂದ ಬ್ರಶ್ಶು ಹಿಡಿಯದ ಮನುಷ್ಯ.

"ಎಲ್ಲಿಗೋ?" ಅಂದರು.

"ಶಿಶುವಿಹಾರಕ್ಕೆ. ಗೋಡೆ ಕೊಯ್ಯೋಕೆ."

ಕವರು ತೊಡೆಯ ಮೇಲೆ ಪಟಪಟ ಅಂತಿತ್ತು.

*

ಮಲಗುವ ಕೋಣೆಯ ಬಾಗಿಲಿಗೆ ಅಂಟಿಸಿದ್ದ ಸೀಲನ್ನು ಕಡ್ಡಿಯಣ್ಣ ಕಿತ್ತ. ಒಳಗೆ ಚಾಪೆಗಳು ಸುತ್ತಿದ್ದ ಹಾಗೇ ಇದ್ದವು. ಸೊಂಟದೆತ್ತರದಲ್ಲಿ ಮಕ್ಕಳ ಬ್ಯಾಗು ತೂಗುಹಾಕುವ ಗೂಟಗಳ ಸಾಲು. ಅಕ್ಷರ ಬಾರದ ವಯಸ್ಸು, ಅದಕ್ಕೇ ಒಂದೊಂದು ಗೂಟದ ಮೇಲೂ ಒಂದೊಂದು ಪ್ರಾಣಿ. ಆನೆ, ಮೊಲ, ಆಮೆ. ಬಾತುಕೋಳಿಯ ಗೂಟದಲ್ಲಿ ಪುಟ್ಟ ಸ್ವೆಟರೊಂದು ಇನ್ನೂ ತೂಗುತ್ತಿತ್ತು.

"ಇದೇ ಮಗು," ಅಂದ ಕಡ್ಡಿಯಣ್ಣ. "ಮಾತು ಕಲಿತಿದ್ದನ್ನ ಮರೀತಾ ಇದೆಯಂತೆ."

ನನಗೆ ಗೊತ್ತಿತ್ತು. ಅವನು ಹೇಳಬೇಕಾಗಿರಲಿಲ್ಲ.

"ಯಾಕೆ ಕೊಯ್ಯಲಿಲ್ಲ ಅವತ್ತು?"

"ಅವತ್ತು ಬುಧವಾರ, ಒಂದೇ ದಿನ ಆರು ಕಟ್ಟಡ ಇತ್ತು ಕಣೋ. ಗೋಡೆ ಗಾಯ ಮಾಡಬೇಡಿ, ಶಿಶುವಿಹಾರದವರು ಗಲಾಟೆ ಮಾಡ್ತಾರೆ ಅಂತ ನಿಮ್ಮ ಟೈ ಸಾಹೇಬ ಬೇರೆ ಫೋನ್ ಮಾಡಿದ್ದ. ಮೇಲ್ಮೇಲೆ ಉಜ್ಜಿದೆ. ಕಡ್ಡಿ ಬೆಳ್ಳಗೇ ಇತ್ತು."

"ಮೇಲ್ಮೇಲೆ ಉಜ್ಜಿದರೂ ಹಳೇ ಗೋಡೆ ಪುಡಿ ಬಿಡುತ್ತೆ. ಒಂಚೂರಾದರೂ ಕೆಂಪಾಗಬೇಕಿತ್ತು."

"ಅದೇ ನನಗೂ ಅರ್ಥ ಆಗದೆ ಇರೋದು. ಮೂವತ್ತು ವರ್ಷದ ಗೋಡೆಯ ಮುಖ ನನಗೆ ಗೊತ್ತಾಗಲ್ವಾ? ಮಾಸಿತ್ತು, ಹೊಗೆ ಕುಡಿದಿತ್ತು, ಕೈತಾಗೋ ಕಡೆ ಕಪ್ಪಾಗಿತ್ತು. ನನ್ನ ಕಸುಬು ಹದಿನೈದು ವರ್ಷದ್ದು."

ಗೋಡೆಯೆಲ್ಲಾ ಈಗ ನಾನೇ ಬಳಿದ ಬಿಳಿ. ಉಜ್ಜಿದ ಜಾಗದಲ್ಲಿ ಕೊಯ್ದು ಏನೂ ಸಿಗುವುದಿಲ್ಲ. ನನಗೆ ಬೇಕಿದ್ದದ್ದು ಮಶೀನು ತಾಗದ ಜಾಗ.

ಅಂಥದ್ದು ಒಂದಿತ್ತು. ಬಾಗಿಲ ಹಿಂದೆ ಮಕ್ಕಳ ಎತ್ತರ ಗುರುತು ಹಾಕಿದ ಪೆನ್ಸಿಲ್ ಗೆರೆಗಳು. ಪ್ರತಿ ಗೆರೆಯ ಪಕ್ಕ ಅದೇ ಪ್ರಾಣಿಗಳು. 'ಅದೊಂದು ಅಳಿಸಬೇಡಪ್ಪ' ಅಂತ ಆಯಾ ಕೇಳಿಕೊಂಡಿದ್ದರು. ಗೆರೆಗಳ ಎರಡೂ ಕಡೆ ಒಂದೊಂದು ಗೇಣು ಬಿಟ್ಟು ಟೇಪು ಹಚ್ಚಿ ನಾನು ಉಜ್ಜಿದ್ದೆ.

ಬಾಗಿಲು ಸರಿಸಿ ಕೂತು ಟಾರ್ಚು ಹಾಕಿದೆ. ಎದುರಿನಿಂದಲ್ಲ, ಪಕ್ಕದಿಂದ. ಗೋಡೆಯ ಹುಳುಕು ಕಾಣುವುದು ಪಕ್ಕದ ಬೆಳಕಿಗೆ.

ಕಂಡಿತು.

ಪೆನ್ಸಿಲ್ ಗೆರೆಗಳ ಸುತ್ತ ಎರಡು ಬೆರಳು ಜಾಗ ಬಿಟ್ಟು ಒಂದು ಸಣ್ಣ ಏಣು, ಬಣ್ಣದ ಎದ್ದ ಅಂಚು. ಕೂದಲೆಳೆಯಷ್ಟು. ಆ ಏಣಿನ ಒಳಗೆ ನಿಜವಾದ ಹಳೇ ಗೋಡೆ. ಹೊರಗೆ ಅದೇ ಬಣ್ಣ, ಅದೇ ಮಾಸು, ಆದರೆ ಅದು ಗೋಡೆಯಲ್ಲ. ಯಾರೋ ಬಳಿದ ಕೋಟು.

ಚಾಕುವಿನಿಂದ ಓರೆಯಾಗಿ ಕೊಯ್ದೆ. ಮರ ಕಡಿದಾಗ ಉಂಗುರ ಕಾಣುವ ಹಾಗೆ ಪದರಗಳು ಬಿಚ್ಚಿಕೊಂಡವು. ಮೇಲೆ ಮಾಸಲು ಬಣ್ಣದ ತೆಳುಕೋಟು. ಅದರ ಕೆಳಗೆ ನಿಜವಾದ ಮಾಸಲು. ಅದರ ಕೆಳಗೆ ಹಸಿರು. ಗಾರೆಗೆ ಅಂಟಿಕೊಂಡು ದಪ್ಪ ಹಳದಿ.

ಕಡ್ಡಿಯಣ್ಣ ಹಳದಿಗೆ ಕಡ್ಡಿ ತಾಗಿಸಿದ. ನಾವಿಬ್ಬರೂ ಉಸಿರು ಬಿಡುವ ಮೊದಲೇ ಅದು ಕೆಂಪಾಯಿತು. ಎಲೆ ಅಡಿಕೆ ಉಗುಳಿದ ಹಾಗೆ. ಇನ್ನೊಂದು ತೆಗೆದು ನಿಜವಾದ ಮಾಸಲಿಗೆ ಉಜ್ಜಿದ. ಅದೂ ಕೆಂಪು. ಮೂರನೆಯದನ್ನು ಮೇಲಿನ ತೆಳುಕೋಟಿಗೆ ಉಜ್ಜಿದ. ಬಿಳಿ.

"ಅಯ್ಯೋ," ಅಂದ, ಮೆಲ್ಲಗೆ. "ನಾನು ಉಜ್ಜಿದ್ದು ಗೋಡೆನೇ ಅಲ್ಲ."

"ನೀನು ಬರೋದು ಗೊತ್ತಿದ್ದು ಯಾರೋ ಮುಂಚೆ ಬಂದು ಹೊಸ ಬಣ್ಣದಲ್ಲಿ ಹಳೇ ಗೋಡೆ ಬಳಿದು ಹೋಗಿದ್ದಾರೆ."

ಹೇಳಿದೆ, ಹೇಳುತ್ತಲೇ ನೆನಪಾಯಿತು. ಉಜ್ಜಿದ ಮೊದಲ ದಿನ ಕಾಗದ ಹತ್ತು ನಿಮಿಷಕ್ಕೊಮ್ಮೆ ಮೆತ್ತಿಕೊಳ್ಳುತ್ತಿತ್ತು. ಹಳೇ ಬಣ್ಣ ಪುಡಿಯಾಗಿ ಉದುರುತ್ತದೆ, ಹಸಿ ಬಣ್ಣ ಮೆತ್ತಿಕೊಳ್ಳುತ್ತದೆ. ಇದು ನನ್ನ ಕಸುಬಿನ ಅ ಆ ಇ ಈ. ಆದರೆ ನಾನು ಕಾಗದದ ಕಂಪನಿಯನ್ನು ಬೈದೆ, ಹೊಸ ಕಾಗದ ಹಾಕಿದೆ, ಮತ್ತೆ ಉಜ್ಜಿದೆ. ಗೋಡೆ ನನಗೆ ಹೇಳಿತ್ತು. ಕೇಳಲಿಲ್ಲ. ಏಳನೇ ಕ್ಲಾಸಿನವನು ಅಂದದ್ದರಲ್ಲಿ ಟೈ ಸಾಹೇಬನ ತಪ್ಪೇನಿದೆ.

"ಬಳಿದವನು ಬಲು ಕಿಲಾಡಿ ಕಣೋ," ಅಂದ ಕಡ್ಡಿಯಣ್ಣ. "ಹೊಸದನ್ನ ಹೊಸದಾಗಿ ಯಾರು ಬೇಕಾದರೂ ಬಳೀತಾರೆ. ಹೊಸದನ್ನ ಹಳೇದಾಗಿ ಬಳಿಯೋದು ಎಷ್ಟು ಜನಕ್ಕೆ ಬರುತ್ತೆ?"

"ಟೈ ಸಾಹೇಬ ಕಳಿಸಿರಬೇಕು ಯಾರನ್ನೋ. ಪಳಗಿದ ಕೈ."

"ಪಳಗಿದ ಕೈ ಸರಿ. ಆದರೆ ಕುಡಿದಿತ್ತು." ಅವನು ಏಣಿನ ಗೆರೆ ತೋರಿಸಿದ. "ನೋಡು ಇಲ್ಲಿ. ಬಣ್ಣ ನೋಡಿದ್ರೆ ಮೇಸ್ತ್ರಿ, ಗೆರೆ ನೋಡಿದ್ರೆ ಕುಡುಕ. ಇರುವೆ ಸಾಲು ಹೋದ ಹಾಗೆ ಹೋಗಿದೆ."

ನಾನೂ ನಕ್ಕೆ. ಆ ದಿನ ನಾನು ನಕ್ಕದ್ದು ಅದೊಂದೇ ಸಲ.

ನಗು ಆರುವ ಮೊದಲೇ ಒಂದು ಮುಳ್ಳು ಚುಚ್ಚಿತು. ಅವಸರದಲ್ಲಿ ಮೋಸ ಮಾಡಲು ಬಂದವನಿಗೆ ಮಕ್ಕಳ ಪೆನ್ಸಿಲ್ ಗೆರೆ ಯಾವ ಲೆಕ್ಕ? ಒಂದೇಟಿಗೆ ಮುಚ್ಚಿ ಹೋಗಬಹುದಿತ್ತು. ಇವನು ಬಾತುಕೋಳಿಯ ಸುತ್ತ, ಆಮೆಯ ಸುತ್ತ, ಒಂದೊಂದರ ಸುತ್ತಲೂ ಬ್ರಶ್ಶು ತಿರುಗಿಸಿ ಬಿಟ್ಟು ಹೋಗಿದ್ದ.

ಗೋಡೆಗೆ ಮೋಸ ಮಾಡಿದ. ಗೆರೆಗೆ ಮಾಡಲಿಲ್ಲ.

"ಕೊಯ್ದಿದ್ದನ್ನ ಚೀಲಕ್ಕೆ ಹಾಕಿ ನೀನು ನಡಿ," ಅಂದೆ. "ನಾನು ಸ್ಟೋರಿಗೆ ಹೋಗಿ ಬರ್ತೀನಿ."

"ಅಲ್ಲಿ ಏನಿದೆ?"

"ಈ ಬಣ್ಣವನ್ನ ಎಲ್ಲೋ ಒಂದು ಡಬ್ಬಿಯಲ್ಲಿ ಕಲಸಿರಬೇಕಲ್ಲ."

*

ನಮ್ಮ ಸ್ಟೋರು ಶಾಖೆಯ ಹಿಂಬದಿಗೆ, ಸೈಕಲ್ ರಿಪೇರಿಯವನ ಅಂಗಡಿಗೆ ಒತ್ತಿಕೊಂಡಿದೆ. ಉಳಿದ ಬಣ್ಣವನ್ನು ಒಂದು ವರ್ಷ ಇಟ್ಟಿರಬೇಕು ಎಂಬುದು ನಿಯಮ. ಬೀಗದ ಕೀ ಅಕ್ಕನ ಹತ್ತಿರ ಒಂದು, ನನ್ನ ಸೊಂಟದಲ್ಲಿ ಒಂದು, ಕಂಪನಿಯ ಹತ್ತಿರ ಒಂದು. ಆ ಮೂರನೆಯದರ ಮೇಲೆ ನನ್ನ ಕಣ್ಣಿತ್ತು. ಟೈ ಸಾಹೇಬ ಹೊರಗಿನಿಂದ ಕೈ ತರಿಸಿದ್ದರೂ ಬಣ್ಣ ನಮ್ಮ ಸ್ಟೋರಿನದೇ ಆಗಿರಬೇಕು. ಖಾಲಿ ಕೈಯಲ್ಲಿ ಬರುವುದು, ತುಂಬಿದ ಕೈಯಲ್ಲಿ ಹೋಗುವುದು ಅವರ ಜಾಯಮಾನ.

ಬಣ್ಣದವರಿಗೆ ಒಂದು ಚಾಳಿ ಇದೆ. ಕೆಲಸ ಮುಗಿದು ಡಬ್ಬಿ ಮುಚ್ಚಿದ ಮೇಲೆ ಮುಚ್ಚಳದ ಮೇಲೆ ಅದೇ ಬಣ್ಣದ ಒಂದು ಬೊಟ್ಟು ಇಡುತ್ತೇವೆ. ಪಕ್ಕದಲ್ಲಿ ಯಾವ ಕೋಣೆ, ಯಾವ ದಿನ. ನಾಳೆ ಗೋಡೆ ಗೀಚಿತು ಅಂದರೆ ಡಬ್ಬಿ ತೆರೆಯದೆ ಬಣ್ಣ ಸಿಗಬೇಕು. ಇಪ್ಪತ್ತು ವರ್ಷ ಮಾಡಿದವನಿಗೆ ಇದು ಉಸಿರಾಟ. ಕಳ್ಳಗೆಲಸಕ್ಕೆ ಬಳಿದರೂ ಕೈ ಸುಮ್ಮನಿರುವುದಿಲ್ಲ. ನಾನು ನಂಬಿಕೊಂಡು ಹೋದದ್ದು ಆ ಚಾಳಿಯನ್ನು.

ಹಿಂದಿನ ಸಾಲಿನಲ್ಲಿ, ಗೋಡೆಗೆ ಹಚ್ಚುವ ಪುಟ್ಟಿಯ ಚೀಲದ ಮರೆಯಲ್ಲಿ, ಚೀಟಿ ಇಲ್ಲದ ಒಂದು ಡಬ್ಬಿ.

ಎಳೆದೆ. ಮುಚ್ಚಳದ ಮೇಲೆ ಮಾಸಲು ಬೊಟ್ಟು.

ನಾನು ಬೊಟ್ಟಿಡುವುದು ಬ್ರಶ್ಶಿನ ತುದಿಯಲ್ಲಿ. ಉಳಿದ ಕೆಲಸದವರು ಕಲಸುವ ಕಡ್ಡಿಯಲ್ಲಿ. ಇದು ಬೆರಳಿನ ಬೊಟ್ಟು. ಹೆಬ್ಬೆರಳು ಅದ್ದಿ ಒತ್ತಿದ್ದು. ಒತ್ತಿದ ಬೊಟ್ಟಿನ ನಡುವೆ ಎಡದಿಂದ ಬಲಕ್ಕೆ ಓರೆಯಾಗಿ ಒಂದು ಖಾಲಿ ಗೆರೆ, ಬಿದಿಗೆ ಚಂದ್ರನ ಹಾಗೆ. ಅಲ್ಲಿ ಚರ್ಮ ಇಲ್ಲ. ಹೆರೆಯುವ ಬ್ಲೇಡು ಜಾರಿ ಕೊಯ್ದದ್ದು, ಮತ್ತೆ ಕೂಡಿಕೊಳ್ಳಲಿಲ್ಲ.

ಆ ಹೆಬ್ಬೆರಳು ನನಗೆ ಗೊತ್ತು. ಚಿಕ್ಕವನಿದ್ದಾಗ ಅದು ನನ್ನ ಕಣ್ಣೊರೆಸಿದರೆ ಆ ಸೀಳು ಕೆನ್ನೆಗೆ ಒರಟೊರಟಾಗಿ ತಾಗುತ್ತಿತ್ತು.

ನಾನು ಡಬ್ಬಿಯ ಮುಂದೆ ನೆಲದ ಮೇಲೆ ಕೂತೆ.

ಬಣ್ಣ ನೋಡಿದರೆ ಮೇಸ್ತ್ರಿ, ಗೆರೆ ನೋಡಿದರೆ ಕುಡುಕ. ಅಪ್ಪ ಒಂದು ದಿನವೂ ಕುಡಿದವರಲ್ಲ. ನಲವತ್ತು ವರ್ಷ ಸೀಸದ ಬಣ್ಣವನ್ನು ಒಣ ಉಜ್ಜಿದ ಕೈ ಅದು. ಆಗ ನಿಯಮ ಇರಲಿಲ್ಲ, ಮಾಸ್ಕು ಇರಲಿಲ್ಲ. ಅದಕ್ಕೇ ನಡುಗುತ್ತದೆ. ಸೀಸ ಏನು ಮಾಡುತ್ತದೆ ಅಂತ ಈ ಊರಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವರಿಗೆ.

ಆದರೂ ಒಂದು ಆಸೆ ಉಳಿದಿತ್ತು. ಅಪ್ಪ ಒಬ್ಬರೇ ಮಾಡಿದ್ದಾರೆ, ಅಕ್ಕನಿಗೆ ಗೊತ್ತಿಲ್ಲ. ಹಾಗಾದರೆ ಅಕ್ಕ ಉಳಿಯುತ್ತಾಳೆ. ಅಪ್ಪನನ್ನು ಕೊಟ್ಟು ಅಕ್ಕನನ್ನು ಉಳಿಸುವುದೋ ಅಂತ ಮನಸ್ಸು ತಕ್ಕಡಿ ಹಿಡಿಯಿತು. ಹಿಡಿದದ್ದಕ್ಕೆ ನಾಚಿಕೆಯಾಯಿತು.

ಆಮೇಲೆ ಬೊಟ್ಟಿನ ಪಕ್ಕದ ಅಕ್ಷರ ನೋಡಿದೆ.

'ಮಲಗುವ ಕೋಣೆ. ಸೋಮವಾರ.' ಕಡ್ಡಿಯಣ್ಣ ಬರುವ ಎರಡು ದಿನ ಮುಂಚೆ.

ಅಪ್ಪನಿಗೆ ಈಗ ಸಹಿ ಹಾಕಲೂ ಕೈ ನಿಲ್ಲುವುದಿಲ್ಲ. ಈ ಅಕ್ಷರ ದುಂಡಗಿತ್ತು, ನಿಧಾನವಾಗಿತ್ತು, ಬಿಡಿಸಿ ಬಿಡಿಸಿ ಬರೆದದ್ದಾಗಿತ್ತು. ಶಾಲೆ ಬಿಟ್ಟ ಮೇಲೆ ನಾನು ಓದಲು ಕಲಿತದ್ದು ಪುಸ್ತಕದಿಂದಲ್ಲ. ಈ ಅಕ್ಷರದಿಂದ. ನೂರು ಜನರ ಬರಹ ಕಲಸಿಟ್ಟರೂ ಇದನ್ನು ಎತ್ತಿ ತೆಗೆಯುತ್ತೇನೆ.

ಉಜ್ಜಲು ಶುರು ಮಾಡಿದ ದಿನ ಬೆಳಿಗ್ಗೆ ನಾನು ಮಶೀನು ಹೊತ್ತು ಹೊರಟಾಗ ಅಕ್ಕ ಗೇಟಿನ ತನಕ ಓಡಿ ಬಂದಿದ್ದಳು. ಕೈಯಲ್ಲಿ ಹೊಸ ಮಾಸ್ಕು, ಎರಡು ಡಬ್ಬಿ ಫಿಲ್ಟರಿರುವ ಒಳ್ಳೇದು. 'ಹಾಕ್ಕೊಂಡೇ ಉಜ್ಜು ಕಣೋ. ನನ್ನಾಣೆ.' ನಾನು ನಕ್ಕಿದ್ದೆ. 'ಸೀಸ ಇಲ್ಲ ಅಂತ ನಿನ್ನ ವರದಿನೇ ಹೇಳುತ್ತಲ್ಲೇ, ಈ ಮುಖವಾಡ ಯಾಕೆ?' ಅವಳು ಉತ್ತರ ಕೊಡದೆ ಪಟ್ಟಿ ಬಿಗಿ ಮಾಡಿದ್ದಳು. ಮೊದಲ ತಿರುವಿನಲ್ಲಿ ನಾನು ಅದನ್ನು ಕುತ್ತಿಗೆಗೆ ಇಳಿಸಿದ್ದೆ.

ನನಗೊಂದು ಮಾಸ್ಕು ಇತ್ತು. ಬಾತುಕೋಳಿಗೆ ಇರಲಿಲ್ಲ.

ಮುಚ್ಚಳವನ್ನು ಕಿತ್ತೆ. ಯಾಕೆ ಕಿತ್ತೆ ಅಂತ ಯೋಚಿಸಲಿಲ್ಲ. ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು, ಡಬ್ಬಿಯನ್ನು ಅಲ್ಲೇ ಬಿಟ್ಟು, ಬೀಗ ಹಾಕಿ ಹೊರಟೆ. ಸೈಕಲ್ ರಿಪೇರಿಯವನು ಟ್ಯೂಬು ನೀರಿಗೆ ಅದ್ದುತ್ತಾ ಕೇಳಿದ: "ಏನೋ ಉಪ್ಪುಕಾಗದ, ಹೊಟ್ಟೆ ನೋವಾ?"

"ಹ್ಞೂಂ," ಅಂದೆ.

*

ಕಚೇರಿಯ ಮೆಟ್ಟಿಲು ಹತ್ತಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಅಪ್ಪ ಅದೇ ಬೆಂಚಿನ ಮೇಲೆ ಹಾಗೇ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ತಗಡು ಅಂಗಿಯೊಳಗೆ ಸಣ್ಣಗೆ ಸದ್ದು ಮಾಡಿತು. ನಲವತ್ತು ವರ್ಷ ಡಬ್ಬಿ ಮುಚ್ಚಿದವರಿಗೆ ಆ ಸದ್ದು ಯಾವುದರದು ಅಂತ ಹೇಳಿಕೊಡಬೇಕಿಲ್ಲ.

"ಸ್ಟೋರಿಗೆ ಹೋಗಿದ್ಯಾ?"

"ಹೋಗಿದ್ದೆ."

ಇಬ್ಬರೂ ಎದುರಿನ ಗೋಡೆ ನೋಡಿದೆವು. ಕೆಟ್ಟ ಗೋಡೆ. ಪುಟ್ಟಿ ಸರಿಯಾಗಿ ಎಳೆದಿರಲಿಲ್ಲ.

"ಅವತ್ತು ಮಾಸ್ಕು ಹಾಕ್ಕೊಂಡಿದ್ದೆ ತಾನೇ?" ಅಂದರು ಅಪ್ಪ.

ಇಡೀ ದಾರಿ ಬೈಗುಳ ಜೋಡಿಸಿಕೊಂಡು ಬಂದಿದ್ದೆ.

"ಹಾಕಿದ್ದೆ," ಅಂದೆ. ಸುಳ್ಳು.

ಅಪ್ಪ ಕಣ್ಣು ಮುಚ್ಚಿದರು. "ಹತ್ತು ದಿನದ ಕೆಲಸ ಕಣೋ ಅದು. ಒದ್ದೆ ಮಾಡಿ ಹೆರೆಯಬೇಕು, ಪ್ಲಾಸ್ಟಿಕ್ ಕಟ್ಟಬೇಕು, ಮಕ್ಕಳನ್ನ ಹೊರಗಿಡಬೇಕು. ಅವನು ಐದೇ ದಿನ ಅಂದ. ಇಲ್ಲಾಂದ್ರೆ ಬೋರ್ಡು ಇಳಿಸ್ತೀನಿ ಅಂದ. ನಿಮ್ಮಕ್ಕ ಎರಡು ದಿನ ಊಟ ಬಿಟ್ಟಳು. ಎಲ್ಲಾ ಗೋಡೆಯಲ್ಲೂ ಸೀಸ ಇರುತ್ತಾ, ಇದರಲ್ಲಿ ಇಲ್ಲದೇ ಇರಬಹುದು ಅಂತ…"

"ಯಾರು ಮೊದಲು ಹೇಳಿದ್ದು? ನೀವಾ, ಅಕ್ಕನಾ?"

ಅಪ್ಪ ಬಾಯಿ ತೆರೆದರು. ಬಾಗಿಲು ತೆರೆಯಿತು. ಜವಾನ ನನ್ನನ್ನು ಕರೆದ.

ಒಳಗೆ ಕೊಯ್ದ ತುಣುಕು ಮೇಜಿನ ಮೇಲಿತ್ತು. ಪಕ್ಕದಲ್ಲಿ ಎರಡು ಕೆಂಪು ಕಡ್ಡಿ, ಒಂದು ಬಿಳಿ. ಕಡ್ಡಿಯಣ್ಣ ಎಲ್ಲ ಹೇಳಿ ಮುಗಿಸಿದ್ದ. ಬೆಳಿಗ್ಗೆ ನಕ್ಕವರು ಯಾರೂ ಈಗ ನಗುತ್ತಿರಲಿಲ್ಲ.

"ನೀನು ಹೇಳಿದ್ದೇ ಸರಿಯಾಯ್ತು," ಅಂದರು ಮೇಡಂ. "ಪರೀಕ್ಷೆಗೆ ಮುಂಚೆ ಯಾರೋ ಗೋಡೆ ಮುಚ್ಚಿದ್ದಾರೆ. ಮಾಲೀಕರಿಗೆ ಗೊತ್ತಿಲ್ಲದೆ ಆಗಿದ್ರೆ ಅವರು ಉಳ್ಕೊಳ್ತಾರೆ. ಯಾರು ಅನ್ನೋದಷ್ಟೇ ಈಗ ಬೇಕಿರೋದು. ನೀನು ಸ್ಟೋರಿಗೆ ಹೋಗಿದ್ದೆ ಅಂತ ಇವರು ಹೇಳಿದ್ರು. ಏನಾದ್ರೂ ಸಿಕ್ಕಿತಾ?"

ಅಕ್ಕ ನನ್ನ ಮುಖ ನೋಡಲಿಲ್ಲ. ನನ್ನ ಹೊಟ್ಟೆ ನೋಡಿದಳು, ಅಂಗಿ ಉಬ್ಬಿದ ಜಾಗ. ಬೆಳಿಗ್ಗೆ ಅವಳು ಬೇಡ ಅಂತ ತಲೆ ಆಡಿಸಿದ್ದು ಜಗಳಕ್ಕಲ್ಲ ಅಂತ ಆಗ ತಿಳಿಯಿತು.

ನಾನು ಬಾಯಿ ತೆರೆಯುವ ಮೊದಲೇ ಟೈ ಸಾಹೇಬನ ಫೋನು ಮಿಣುಕಿತು. ಓದಿದ. ನಿಧಾನವಾಗಿ ಎದ್ದು ನಿಂತ. ಟೈ ಸರಿ ಮಾಡಿಕೊಂಡ.

"ತಮ್ಮ ಅನುಮತಿ ಪಡೆದು ನಮ್ಮವರನ್ನ ಸ್ಟೋರಿಗೆ ಕಳಿಸಿದ್ದೆ ಮೇಡಂ, ಡಬ್ಬಿಗಳನ್ನ ವಶಕ್ಕೆ ತಗೊಳ್ಳೋಕೆ. ಎಲ್ಲಾ ಡಬ್ಬಿಗೂ ಮುಚ್ಚಳ ಇದೆ. ಒಂದಕ್ಕೆ ಇಲ್ಲ. ಮಾಸಲು ಬಣ್ಣದ್ದು. ಇವತ್ತು ಮಧ್ಯಾಹ್ನ ಇವನು ಹೊಟ್ಟೆ ಹಿಡ್ಕೊಂಡು ಆಚೆ ಬಂದಿದ್ದನ್ನ ಪಕ್ಕದ ಅಂಗಡಿಯವನು ನೋಡಿದ್ದಾನೆ." ನನ್ನ ಕಡೆ ತಿರುಗಿದ. ಬೆಳಗಿನ ಅದೇ ದನಿ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಇವನು ಹೊಟ್ಟೆ ಮುಟ್ಕೊಂಡಿದ್ದಾನೆ. ಉಜ್ಜಿದವನೂ ಇವನೇ, ಮುಚ್ಚಿದವನೂ ಇವನೇ."

ಕೋಣೆಯೆಲ್ಲ ನನ್ನ ಕಡೆ ತಿರುಗಿತು. ಅಂಗಿಯೊಳಗಿನ ತಗಡು ಮೈಬಿಸಿಗೆ ಬಿಸಿಯಾಗಿತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟರೆ ಸಾಕು. ಆ ಹೆಬ್ಬೆರಳು ನನ್ನದಲ್ಲ. ಆ ಅಕ್ಷರ ನನಗೆ ಏಳು ಜನ್ಮಕ್ಕೂ ಬಾರದು. ಒಂದು ನಿಮಿಷದಲ್ಲಿ ನಾನು ಬಿಡುಗಡೆ.

ಮೇಡಂ ಎದುರು ಫೈಲು ತೆರೆದೇ ಇತ್ತು. ಮೇಲಿನ ಹಾಳೆ ನಾನೇ ಬೆಳಿಗ್ಗೆ ಕೊಟ್ಟ ನಿಯಮದ ಕಾಗದ. ದುಂಡಗಿನ ಅಕ್ಷರ, ಮುಚ್ಚಳದ ಮೇಲಿನದೇ.

"ಹೇಳಪ್ಪ," ಅಂದರು ಮೇಡಂ. "ನೀನಾ ಬಳಿದದ್ದು?"

ನಾನು ಅಂಗಿಯ ಮೇಲೆ ಕೈ ಕಟ್ಟಿಕೊಂಡೆ.

ಕಿಟಕಿ ಪಕ್ಕದಿಂದ ಮಗುವಿನ ತಾಯಿ ಎದ್ದು ಬಂದಳು. ಬೆಳಗಿನಿಂದ ಒಂದು ಮಾತೂ ಆಡದವಳು. ನನ್ನ ಎದುರು ನಿಂತಳು. ಅವಳ ಕಣ್ಣಲ್ಲಿ ಸಿಟ್ಟು ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

"ನೀನಲ್ಲ ಅಂತ ನನಗೆ ಗೊತ್ತು ತಮ್ಮ," ಅಂದಳು. "ಕೆಲಸ ನಡೀವಾಗ ನೋಡಿದ್ದೆ ನಿನ್ನ, ನೀನೂ ಆ ಧೂಳನ್ನೇ ಕುಡೀತಾ ಇದ್ದೆ. ಗೊತ್ತಿದ್ದವನು ಕುಡಿಯಲ್ಲ. ಆದರೆ ಯಾರು ಅಂತ ನಿನಗೆ ಗೊತ್ತು. ನನ್ನ ಮಗು ನನ್ನನ್ನ ಅಮ್ಮ ಅಂತ ಕರೆಯೋದು ಬಿಟ್ಟು ಇವತ್ತಿಗೆ ಆರು ದಿನ. ಯಾರು ಅಂತ ಹೇಳು. ಅಷ್ಟೇ ಸಾಕು."

ಅಕ್ಕ ಕುರ್ಚಿಯ ಅಂಚು ಹಿಡಿದುಕೊಂಡಳು. ತೆರೆದ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಪ್ಲಾಸ್ಟಿಕ್ ಕವರು ಪಟಪಟ ಅನ್ನುತ್ತಿತ್ತು.

ಗಡಿಯಾರದ ಮುಳ್ಳು ನಾಲ್ಕಕ್ಕೆ ಬಂತು. ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ.

ನಾನು ತಿರುಗಿದೆ. ಮಗುವಿನ ತಾಯಿಯ ಕೈ ನನ್ನ ತೋಳಿನ ಮೇಲಿತ್ತು, ಅದನ್ನು ಮೆಲ್ಲಗೆ ಬಿಡಿಸಿದೆ. ಅಪ್ಪ ಬಾಗಿಲಿನಿಂದ ಪಕ್ಕಕ್ಕೆ ಸರಿಯಲಿಲ್ಲ. ಅವರ ಭುಜಕ್ಕೆ ಉಜ್ಜಿಕೊಂಡೇ ದಾಟಿದೆ. ಹಿಂದಿನಿಂದ ಟೈ ಸಾಹೇಬ ಏನೋ ಅಂದ, ಯಾರೋ ನಿಲ್ಲು ಅಂತ ಕೂಗಿದರು. ಬಳಿದವನು ನಾನೇ ಅಂತ ಗುಮಾಸ್ತ ಬರೆದುಕೊಳ್ಳಲಿ. ಮೆಟ್ಟಿಲ ಮೇಲೆ ಪ್ರತಿ ಹೆಜ್ಜೆಗೂ ಹೊಟ್ಟೆಯ ತಗಡು ಸದ್ದು ಮಾಡುತ್ತಿತ್ತು. ಎರಡು ಕೈಯಲ್ಲೂ ಅದನ್ನು ಒತ್ತಿ ಹಿಡಿದು ಬೀದಿಗೆ ಇಳಿದೆ.